ಪ್ಲಾಸ್ಟಿಕ್ ಕುದುರೆಗೆ ಅರವತ್ತು ಡಾಲರ್: ಕೊಡಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಕುದುರೆ ಗೊಂಬೆ ಮಾಡುವ ಅಮೆರಿಕದ ಬ್ರೆಯರ್ ಕಂಪನಿಯ ಟ್ರೆಡಿಶನಲ್ ಸೈಜಿನ (ಅವರ ದೊಡ್ಡ ಸೈಜು) ಕುದುರೆ ಒಳ್ಳೆಯ ವಸ್ತು, ಕೊಳ್ಳಿ. ಆದರೆ ನೆಟ್‌ನಲ್ಲಿ ಫೋಟೋ ನೋಡಿ ತರಿಸಬೇಡಿ. ಅಂಗಡಿಗೆ ಹೋಗಿ, ಡಬ್ಬ ಕೈಯಲ್ಲಿ ಹಿಡಿದು, ನಾಲ್ಕೂ ಕಾಲು ನೋಡಿ ತೊಗೊಳ್ಳಿ. ತೊಗೊಂಡ ಮೇಲೆ ಬಿಸಿಲಿನಲ್ಲಿ ಕಾರೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ. ಅವಸರ ಇರುವವರಿಗೆ ಇಷ್ಟು ಸಾಕು. ಪುರುಸೊತ್ತು ಇದ್ದರೆ ಮುಂದಕ್ಕೆ ಓದಿ.

ನಾನು ಕುಣಿಗಲ್‌ನವನು. ನಮ್ಮೂರು ಗೊತ್ತಿದ್ದವರಿಗೆ ಸ್ಟಡ್ ಫಾರ್ಮ್ ಗೊತ್ತೇ ಇರುತ್ತದೆ. ಟಿಪ್ಪು ಕಾಲದಲ್ಲಿ ಸೈನ್ಯದ ಕುದುರೆಗಳಿಗಾಗಿ ಶುರುವಾದದ್ದು, ಆಮೇಲೆ ರೇಸ್ ಕುದುರೆ ಸಾಕುವ ಜಾಗವಾಯಿತು. ಸ್ಕೂಲು ಬಿಟ್ಟ ಮೇಲೆ ನಾವು ಸೈಕಲ್ ನಿಲ್ಲಿಸಿ ಬೇಲಿ ಹತ್ತಿರ ನಿಂತು ಥರೋಬ್ರೆಡ್ (ರೇಸಿನ ಕುದುರೆ ತಳಿ) ತಾಯಿ-ಮರಿಗಳನ್ನು ನೋಡುತ್ತಿದ್ದೆವು. ಕುದುರೆ ಬಗ್ಗೆ ನನಗಿದ್ದ ಜ್ಞಾನ ಅಷ್ಟೇ. ಪ್ಲಾಸ್ಟಿಕ್ ಬಗ್ಗೆ ಮಾತ್ರ ಜಾಸ್ತಿನೇ ಗೊತ್ತು. ಬೆಂಗಳೂರಿನ ಪೀಣ್ಯದ ಟೂಲ್ ರೂಮಿನಲ್ಲಿ ಹನ್ನೊಂದು ವರ್ಷ ಮೋಲ್ಡ್, ಅಂದರೆ ಪ್ಲಾಸ್ಟಿಕ್ ಎರಕದ ಅಚ್ಚು, ಮಾಡಿದವನು. ಈಗ ಅಮೆರಿಕದ ಓಹಾಯೋದಲ್ಲಿ ಅದೇ ಕೆಲಸ, ಸಂಬಳ ಬೇರೆ, ಬೈಗುಳ ಬೇರೆ ಭಾಷೆಯಲ್ಲಿ.

ಹಾಗಾಗಿ ಮೂರು ವರ್ಷದ ಹಿಂದೆ ಮಗಳು ಒಂದು ಪ್ಲಾಸ್ಟಿಕ್ ಕುದುರೆ ತೋರಿಸಿ, ತೆರಿಗೆ ಸೇರಿ ಅರವತ್ತು ಡಾಲರ್ ದಾಟುತ್ತದೆ ಅಂದಾಗ ನನಗೆ ನಗು ಬಂತು. ಒಂದು ಶಾಟ್‌ಗೆ (ಅಚ್ಚಿಗೆ ಒಂದು ಸಲ ಪ್ಲಾಸ್ಟಿಕ್ ತುಂಬುವುದಕ್ಕೆ) ಎಷ್ಟು ಗ್ರಾಂ ಮಾಲು ಹೋಗುತ್ತದೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. "ಐದು ಸಾವಿರನಾ? ಅದಕ್ಕೆ ಇಲ್ಲಿ ಒಂದು ಮೇಕೆಮರಿ ಬರುತ್ತಲ್ಲೋ, ಅದಾದ್ರೆ ಓಡಾಡ್ತದೆ" ಅಂದರು. ಅವರ ಮಾತಲ್ಲೂ ನ್ಯಾಯ ಇತ್ತು.

ಅಂಗಡಿ ವಿಷಯ ಹೇಳಬೇಕು. ಇದು ಆಟಿಕೆ ಅಂಗಡಿ ಅಲ್ಲ. ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ದೂರ, ಜೋಳದ ಹೊಲಗಳು ಶುರುವಾಗುವ ಕಡೆ ಇರುವ ಮೇವಿನ ಅಂಗಡಿ. ಒಳಗೆ ಹೋದರೆ ಒಣಹುಲ್ಲಿನ ವಾಸನೆ. ಒಂದು ಕಡೆ ಕೋಳಿ ಫೀಡ್ ಮೂಟೆ, ಒಂದು ಕಡೆ ನಿಜವಾದ ಕುದುರೆಯ ಲಗಾಮು, ಜೀನು, ಗೊರಸು ಕೆರೆಯುವ ಅರ. ಇವೆರಡರ ನಡುವೆ ಒಂದು ರ‍್ಯಾಕ್ ತುಂಬ ಈ ಕುದುರೆಗಳು. ಅಂಗಡಿಯವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಡಬ್ಬದಿಂದ ತೆಗೆದು ನೋಡಬಹುದಾ ಅಂತ ಕೇಳಿದರೆ ಮುಖ ಸಿಂಡರಿಸುವುದಿಲ್ಲ. ಕೌಂಟರ್ ಮೇಲಿನ ಬಿಲ್ ಪುಸ್ತಕ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಡುತ್ತಾರೆ. ಈ ಒಂದು ಸೌಜನ್ಯಕ್ಕೆ ನಾನು ಆ ಅಂಗಡಿಗೆ ಐದಕ್ಕೆ ಐದು ಕೊಡುತ್ತೇನೆ. ದೊಡ್ಡ ಮಾಲ್‌ಗಳಿಗಿಂತ ಒಂದೆರಡು ಡಾಲರ್ ಜಾಸ್ತಿ ಇರಬಹುದು, ಪರವಾಗಿಲ್ಲ.

ಅವತ್ತು ಆ ಕೌಂಟರ್ ಮೇಲೆ ನಿಂತಿದ್ದ ಕುದುರೆ ನೋಡಿ ನನ್ನ ನಗು ನಿಂತಿತು.

ಥರೋಬ್ರೆಡ್. ಕಂದು ಮೈ, ಕಪ್ಪು ಜೂಲು, ಕಪ್ಪು ಕಾಲು. ಹೆಚ್ಚುಕಮ್ಮಿ ಒಂದು ಅಡಿ ಉದ್ದ. ಟ್ರೆಡಿಶನಲ್ ಅಂದರೆ 1:9 ಅಳತೆ, ಅಂದರೆ ನಿಜವಾದ ಕುದುರೆಯ ಒಂಬತ್ತನೇ ಒಂದು ಭಾಗ. ಮೊದಲು ನಾನು ನೋಡಿದ್ದು ಹೊಟ್ಟೆ ಕೆಳಗೆ. ನನ್ನ ಕಸುಬಿನವರು ಮುಖ ನೋಡುವುದಿಲ್ಲ, ಪಾರ್ಟಿಂಗ್ ಲೈನ್, ಅಂದರೆ ಎರಡು ಭಾಗ ಸೇರುವ ಗೆರೆ, ನೋಡುತ್ತಾರೆ. ಕುದುರೆಯನ್ನು ಎಡ ಬಲ ಎರಡು ಹೋಳಾಗಿ ಮೋಲ್ಡ್ ಮಾಡಿ ಅಂಟಿಸುತ್ತಾರೆ. ಆ ಅಂಟಿನ ಗೆರೆಯನ್ನು (ಸೀಮ್) ಕೈಯಲ್ಲೇ ಉಜ್ಜಿ ನುಣುಪು ಮಾಡುತ್ತಾರೆ. ಬೆನ್ನ ಮೇಲೆ, ಎದೆ ಮೇಲೆ ಬೆರಳಾಡಿಸಿದೆ. ಗೆರೆ ಸಿಗಲಿಲ್ಲ. ತೊಡೆ ಸಂದಿಯಲ್ಲಿ ಮಾತ್ರ ಕೂದಲೆಳೆಯಷ್ಟು. ಪೀಣ್ಯದಲ್ಲಿ ನಮ್ಮ ಮೇಸ್ತ್ರಿ ನೋಡಿದ್ದರೆ ಅವರೂ ಒಂದು ಸಲ ತಲೆ ಆಡಿಸುತ್ತಿದ್ದರು.

ಆಮೇಲೆ ಮೂಗಿನ ಹೊಳ್ಳೆ ಒಳಗೆ ಒಂದು ಸೂಜಿ ಮೊನೆಯಷ್ಟು ತೂತು ಕಂಡಿತು. ಮಗಳು ಅದನ್ನು ಡ್ಯಾಮೇಜ್ ಅಂದುಕೊಂಡಳು. ಅಲ್ಲ. ಒಳಗೆ ಟೊಳ್ಳು ಇರುವ, ಸುತ್ತ ಮುಚ್ಚಿದ ವಸ್ತು ಅದು. ಬಿಸಿಗೆ ಒಳಗಿನ ಗಾಳಿ ಹಿಗ್ಗಿದರೆ ಹೊರಗೆ ಹೋಗಲು ದಾರಿ ಬೇಕು. ಆ ದಾರಿಯನ್ನು ಮೂಗಲ್ಲೇ ಇಟ್ಟಿದ್ದಾರೆ! ಕುದುರೆ ಉಸಿರಾಡುತ್ತದೆ ಅಂತ ನಾನು ಹೇಳಿದ್ದಕ್ಕೆ ಮಗಳು ನನ್ನನ್ನು ಒಂದು ವಾರ ದೊಡ್ಡ ಮನುಷ್ಯನ ಥರ ನೋಡಿದಳು.

ಮಾಲು ಸೆಲ್ಯುಲೋಸ್ ಅಸಿಟೇಟ್. ಕನ್ನಡಕದ ಫ್ರೇಮು, ಸ್ಕ್ರೂಡ್ರೈವರ್ ಹಿಡಿ ಮಾಡುವುದು ಇದರಿಂದಲೇ. ಮರದ ತಿರುಳು, ಹತ್ತಿಯಿಂದ ಬರುವ ಪ್ಲಾಸ್ಟಿಕ್. ಮುಟ್ಟಿದರೆ ಪ್ಲಾಸ್ಟಿಕ್ ಬಕೆಟ್ ಮುಟ್ಟಿದ ಹಾಗಿರುವುದಿಲ್ಲ, ಸ್ವಲ್ಪ ತಂಪು, ಸ್ವಲ್ಪ ಗಟ್ಟಿ. ಚೆನ್ನಾಗಿ ಉಜ್ಜಬಹುದು, ಬಣ್ಣ ಹಿಡಿಯುತ್ತದೆ. ಕಾಯಿಸಿದರೆ ಬಾಗುತ್ತದೆ. ಈ ಕೊನೆಯ ಗುಣದ ಕಥೆ ಆಮೇಲೆ.

ಬಣ್ಣ ಕೈಕೆಲಸ. ಈಗ ಇವು ತಯಾರಾಗುವುದು ಚೀನಾದಲ್ಲಿ, ಆದರೆ ಸ್ಪ್ರೇ ಗನ್ ಹಿಡಿಯುವುದು, ಕಣ್ಣು ಬರೆಯುವುದು ಮನುಷ್ಯರ ಕೈಯೇ. ಅದಕ್ಕೇ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಅವತ್ತು ರ‍್ಯಾಕ್‌ನಲ್ಲಿ ಇದೇ ಕುದುರೆ ಮೂರು ಇದ್ದವು. ಒಂದರ ಕಂದು ಇಟ್ಟಿಗೆ ಕಡೆಗೆ ಹೋಗಿತ್ತು. ಇನ್ನೊಂದು ಕಾಫಿಪುಡಿ ಬಣ್ಣ. ಮೂರನೆಯದು ಹಳೇ ಹುಣಸೆಹಣ್ಣಿನ ಬಣ್ಣ, ಹೊಟ್ಟೆ ಹತ್ತಿರ ತಿಳಿಯಾಗಿ, ಮಂಡಿ ಹತ್ತಿರ ಕಪ್ಪಿಗೆ ತಿರುಗಿ. ಮಗಳು ಅದನ್ನೇ ಹಿಡಿದಳು. ಡಬ್ಬದ ಮೇಲೆ ಏನೋ ಹೆಸರಿತ್ತು. ನಮ್ಮ ಮನೆಯಲ್ಲಿ ಅದು ಹುಣಸೆ.

ಈ ಕಂಪನಿಯ ಹುಟ್ಟಿನ ಕಥೆ ನನಗೆ ಬಹಳ ಇಷ್ಟ, ಯಾಕೆಂದರೆ ಅದು ಮೋಲ್ಡಿಂಗ್ ಶಾಪ್‌ನ ಕಥೆ. ಬ್ರೆಯರ್ ಅಂದರೆ ಶಿಕಾಗೋದಲ್ಲಿದ್ದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಕಂಪನಿ. 1950ರಲ್ಲಿ ಮಾಸ್ಟರ್‌ಕ್ರಾಫ್ಟರ್ಸ್ ಅನ್ನುವ ಗಡಿಯಾರ ಕಂಪನಿಗೆ, ಮೇಜಿನ ಗಡಿಯಾರದ ಪಕ್ಕ ನಿಲ್ಲಿಸಲು ಒಂದು ಕುದುರೆ ಮಾಡಿಕೊಟ್ಟರು. ವೂಲ್‌ವರ್ತ್ ಅಂಗಡಿಗಳಲ್ಲಿ ಮಾರುವ ಗಡಿಯಾರ. ಕೆಲಸದ ಲೆಕ್ಕದಲ್ಲಿ ದುಡ್ಡಿನ ಬದಲು ಮೋಲ್ಡ್ ಇವರ ಹತ್ತಿರವೇ ಉಳಿಯಿತು. ಜನ ಗಡಿಯಾರ ಬೇಡ, ಕುದುರೆ ಮಾತ್ರ ಕೊಡಿ ಅಂತ ಕೇಳತೊಡಗಿದರು. ಬಾಕಿ ದುಡ್ಡಿಗೆ ಮೋಲ್ಡ್ ಹಿಡಿದಿಟ್ಟುಕೊಳ್ಳುವುದು ಪೀಣ್ಯದಲ್ಲೂ ಇದೆ. ಆದರೆ ಅಲ್ಲಿ ಉಳಿದುಕೊಂಡಿದ್ದು ಮಿಕ್ಸಿ ಮುಚ್ಚಳದ ಮೋಲ್ಡ್. ಎಲ್ಲರಿಗೂ ಕುದುರೆ ಸಿಗುತ್ತದಾ?

ಇನ್ನು ಈ ಹವ್ಯಾಸ. ಕುದುರೆ ಕೊಂಡು ಕಪಾಟಿನಲ್ಲಿ ಇಡುವುದಷ್ಟೇ ಅಂದುಕೊಂಡಿದ್ದೆ. ಇವರು ಅದನ್ನು ಸ್ಪರ್ಧೆಗೆ ಒಯ್ಯುತ್ತಾರೆ. ಹಿಂದೆ ಕುದುರೆಯ ಫೋಟೋ ತೆಗೆದು ಅಂಚೆಯಲ್ಲಿ ಜಡ್ಜ್‌ಗೆ ಕಳಿಸುತ್ತಿದ್ದರಂತೆ, ಅದು ಫೋಟೋ ಶೋ. ಕುದುರೆಯನ್ನೇ ಹೊತ್ತುಕೊಂಡು ಹೋದರೆ ಲೈವ್ ಶೋ. ಜೀವ ಇಲ್ಲದ ಕುದುರೆಗೆ ಲೈವ್ ಶೋ ಅನ್ನುವುದು ನನಗೆ ಇವತ್ತಿಗೂ ತಮಾಷೆ.

ನಾವು ಮೊದಲು ಹೋಗಿದ್ದು ಒಂದು ಸಮುದಾಯ ಭವನಕ್ಕೆ. ಸಾಲು ಸಾಲು ಮೇಜು. ಬೆಳಿಗ್ಗೆ ಎಂಟಕ್ಕೆ ಜನ ಸೂಟ್‌ಕೇಸ್ ಬಿಚ್ಚಿ, ಟವೆಲ್ ಸುತ್ತಿದ ಕುದುರೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಪ್ರತಿ ಕುದುರೆಯ ಕಾಲಿಗೆ ದಾರದಲ್ಲಿ ಕಟ್ಟಿದ ಪುಟ್ಟ ಚೀಟಿ. ಅದರಲ್ಲಿ ಕುದುರೆ ಹೆಸರು, ತಳಿ, ಗಂಡೋ ಹೆಣ್ಣೋ. ಮೇಕಪ್ ಬ್ರಷ್‌ನಿಂದ ಧೂಳು ಕೊಡವುತ್ತಾರೆ. ನನ್ನ ಹೆಂಡತಿ ಒಂದು ಸುತ್ತು ಹಾಕಿ ಬಂದು, "ಥೇಟ್ ದಸರಾ ಗೊಂಬೆ ಕೂರಿಸಿದ ಹಾಗಿದೆ ಅಲ್ವಾ? ಅರಿಶಿನ ಕುಂಕುಮ ಕೊಡೋದೊಂದು ಬಾಕಿ" ಅಂದಳು. ಬಂದಿದ್ದವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ. ಅದರಲ್ಲೂ ಹೆಂಗಸರು. ಐವತ್ತು ದಾಟಿದವರು, ಮೊಣಕಾಲು ನೋವಿದ್ದರೂ ಮೇಜಿನ ಎತ್ತರಕ್ಕೆ ಬಗ್ಗಿ, ಕಿವಿ ಸರಿಯಾದ ಕೋನದಲ್ಲಿ ಕಾಣುವ ಹಾಗೆ ಕುದುರೆಯನ್ನು ನಿಲ್ಲಿಸುವವರು.

ಒಂದು ಮುಖ್ಯ ಶಿಸ್ತು: ಇನ್ನೊಬ್ಬರ ಕುದುರೆ ಮುಟ್ಟಬಾರದು. ಮೇಜಿಗೆ ಸೊಂಟ ತಾಗಿಸಬಾರದು. ಒಂದು ಬಿದ್ದರೆ ಪಕ್ಕದ್ದನ್ನೂ ಬೀಳಿಸುತ್ತದೆ, ಆಮೇಲೆ ಇಡೀ ಸಾಲು. ಅಂಥ ಸದ್ದು ಬಂದಾಗ ಹಾಲ್‌ನಲ್ಲಿದ್ದವರೆಲ್ಲ ಒಟ್ಟಿಗೆ "ಅಯ್ಯೋ" ಅಂದ ರೀತಿ ನನಗೆ ಮರೆತಿಲ್ಲ.

ವಿಭಾಗಗಳು ಹಲವು. ಕಂಪನಿಯಿಂದ ಬಂದ ಬಣ್ಣವನ್ನು ಹಾಗೇ ಉಳಿಸಿಕೊಂಡವು ಒಂದು ಕಡೆ. ಬಣ್ಣ ಬಳಿದು, ಕತ್ತು ಕಾಲು ತಿರುಗಿಸಿ ಮಾರ್ಪಡಿಸಿದವು ಇನ್ನೊಂದು ಕಡೆ. ಕಲಾವಿದರು ರೆಸಿನ್‌ನಲ್ಲಿ (ಸುರಿದ ಮೇಲೆ ಗಟ್ಟಿಯಾಗುವ ರಾಳ) ಎರಕ ಹೊಯ್ದವು ಬೇರೆ, ಅವುಗಳ ಬೆಲೆ ಕೇಳಬೇಡಿ. ಪರ್ಫಾರ್ಮೆನ್ಸ್ ಅಂತ ಒಂದಿದೆ, ಅದನ್ನು ನೀವು ನೋಡಲೇಬೇಕು. ಬೆರಳಗಲದ ಚರ್ಮದ ಜೀನು, ನಿಜವಾದ ಬಕಲ್ ಇರುವ ಲಗಾಮು, ಮೇಲೆ ಸವಾರನ ಗೊಂಬೆ, ಮುಂದೆ ಹಾರಲು ಅಡ್ಡಗಂಬ. ಲಗಾಮಿನ ಕಬ್ಬಿಣ ಬಾಯಿಯಿಂದ ಜಾರದಿರಲಿ ಅಂತ ಒಂದು ಚೂರು ಅಂಟು ಮೇಣ. ನಾನು ಅಲ್ಲೇ ಅರ್ಧ ಗಂಟೆ ನಿಂತೆ. ಒಬ್ಬ ಹೆಂಗಸು ಚರ್ಮದ ಪಟ್ಟಿಯ ಅಂಚನ್ನು ಹೇಗೆ ತೆಳುವಾಗಿ ಹೆರೆಯುತ್ತಾರೆ ಅಂತ ತೋರಿಸಿಕೊಟ್ಟರು. ಸೊನ್ನೆ ಪಾಯಿಂಟ್ ನಾಲ್ಕು ಮಿಲಿಮೀಟರ್ ಇರಬಹುದು ಅಂದೆ. ಅವರು ಜೇಬಿನಿಂದ ದಪ್ಪ ಅಳೆಯುವ ವರ್ನಿಯರ್ ತೆಗೆದರು! ನಮ್ಮ ಕುಲದವರೇ.

ತಳಿ ವಿಭಾಗದಲ್ಲಿ ಜಡ್ಜ್ ನೋಡುವುದು ಎರಡು ಮೂರು ಸಂಗತಿ. ಥರೋಬ್ರೆಡ್ ಅಂದರೆ ಥರೋಬ್ರೆಡ್ ಥರ ಇದೆಯಾ? ಕಾಲು, ಬೆನ್ನು, ಕುತ್ತಿಗೆ ನಿಜವಾದ ಕುದುರೆಗೆ ಇರುವ ಹಾಗಿದೆಯಾ? ಬಣ್ಣದ ಕೆಲಸ ಶುದ್ಧವಾಗಿದೆಯಾ, ಉಜ್ಜಿದ ಗುರುತಿದೆಯಾ? ಡಬ್ಬದಲ್ಲಿ ಏನೇ ಬರೆದಿರಲಿ, ನಿಮ್ಮ ಕುದುರೆ ಯಾವ ತಳಿ ಅಂತ ನೀವೇ ತೀರ್ಮಾನಿಸಿ ಇಳಿಸಬಹುದು. ಆದರೆ ಜಡ್ಜ್ ಒಪ್ಪಬೇಕು. ಅದಕ್ಕೆ ಮಗಳು ಲೈಬ್ರರಿಯಿಂದ ಕುದುರೆ ತಳಿಗಳ ಪುಸ್ತಕ ತಂದು ರಾತ್ರಿ ಹತ್ತರ ತನಕ ಓದುತ್ತಾಳೆ. ಗಣಿತಕ್ಕೆ ಇಷ್ಟು ಕೂತಿದ್ದರೆ, ಅಂತ ನಾನು ಶುರು ಮಾಡಿದರೆ ಹೆಂಡತಿ ಕಣ್ಣು ಬಿಡುತ್ತಾಳೆ.

ಈಗ ಕಾರಿನ ಕಥೆ. ಪ್ರತಿ ಜುಲೈನಲ್ಲಿ ಲೆಕ್ಸಿಂಗ್ಟನ್‌ನ ಕೆಂಟಕಿ ಹಾರ್ಸ್ ಪಾರ್ಕ್‌ನಲ್ಲಿ ಬ್ರೆಯರ್ ಕಂಪನಿಯದೇ ಜಾತ್ರೆ ಬ್ರೆಯರ್‌ಫೆಸ್ಟ್ ನಡೆಯುತ್ತದೆ, 1990ರಿಂದ. ನಮಗೆ ಹತ್ತಿರ. ಅಲ್ಲಿ ಪ್ಲಾಸ್ಟಿಕ್ ಕುದುರೆಗೆ ಮಾದರಿಯಾದ ಜೀವಂತ ಕುದುರೆಗಳನ್ನೇ ಕರೆತಂದು ನಿಲ್ಲಿಸುತ್ತಾರೆ. ಸುತ್ತಮುತ್ತಲ ಹೋಟೆಲ್‌ಗಳಲ್ಲಿ ಇನ್ನೊಂದು ಜಾತ್ರೆ. ರೂಮ್ ಬಾಗಿಲು ತೆರೆದಿಟ್ಟು, ಹಾಸಿಗೆ, ಟೀವಿ ಸ್ಟ್ಯಾಂಡು, ಕಿಟಕಿ ಕಟ್ಟೆ ಎಲ್ಲದರ ಮೇಲೂ ಕುದುರೆ ಜೋಡಿಸಿ ಮಾರುತ್ತಿರುತ್ತಾರೆ. ಹಳೇ ಮಾಲು ಬೇಕಾದರೆ ಅದೇ ಜಾಗ, ಅಲ್ಲೂ ಕೈಯಲ್ಲಿ ಹಿಡಿದು ನೋಡಬಹುದು. ನಾವು ಅಲ್ಲಿಗೆ ಹೋದ ವರ್ಷವೇ ನೆಟ್‌ನಲ್ಲಿ ಯಾರೋ ಒಬ್ಬರಿಂದ ಹಳೇ ಕುದುರೆ ತರಿಸಿದ್ದೆವು. ಫೋಟೋದಲ್ಲಿ ಎಡಗಡೆ ಮಾತ್ರ ಇತ್ತು. ಬಂದ ಮೇಲೆ ಗೊತ್ತಾಯಿತು, ಬಲಗಡೆ ಕಿವಿಯ ಬಣ್ಣ ಪೂರ್ತಿ ಸವೆದಿದೆ. ವಾಪಸ್ ತೊಗೊಳ್ಳಲಿಲ್ಲ. ಮೂವತ್ತೈದು ಡಾಲರ್ ಪಾಠ.

ಹಾರ್ಸ್ ಪಾರ್ಕ್‌ನಲ್ಲಿ ಮ್ಯಾನ್ ಓ ವಾರ್ ಅನ್ನುವ ಹೆಸರಾಂತ ರೇಸ್ ಕುದುರೆಯ ಸಮಾಧಿ ಇದೆ, ಮೇಲೆ ದೊಡ್ಡ ಪ್ರತಿಮೆ. ಆ ಪ್ರತಿಮೆ ಎದುರು ಹುಣಸೆಯನ್ನು ಅಂಗೈ ಮೇಲೆ ನಿಲ್ಲಿಸಿ ಮಗಳು ಫೋಟೋ ತೆಗೆಸಿಕೊಂಡಳು. ವಾಪಸ್ ಬರುವಾಗ ಊಟಕ್ಕೆ ನಿಂತೆವು. ಹುಣಸೆಯನ್ನು ಹಿಂದಿನ ಗಾಜಿನ ಕೆಳಗೆ ಇಟ್ಟವನು ನಾನೇ. ಪ್ಲಾಸ್ಟಿಕ್ ಕಸುಬಿನವನು! ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಮುಂದಿನ ಬಲಗಾಲು ಒಳಕ್ಕೆ ವಾಲಿದೆ. ಸೀಟಿನ ಮೇಲೆ ನಿಲ್ಲಿಸಿದರೆ ಕುಡಿದವರ ಥರ ಪಕ್ಕಕ್ಕೆ ಬೀಳುತ್ತದೆ. ಮಗಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಮನೆ ತಲುಪುವ ತನಕ ಒಂದು ಮಾತಿಲ್ಲ.

ರಾತ್ರಿ ಅಡುಗೆಮನೆಯಲ್ಲಿ ರಿಪೇರಿ. ಹಾಲು ಕಾಯಿಸುವ ಪಾತ್ರೆ ತೊಗೊಂಡೆ, ಹೆಂಡತಿ ಕಿತ್ತುಕೊಂಡು ಹಳೇ ಕುಕ್ಕರ್ ಕೊಟ್ಟಳು. ನೀರು ಕುದಿಯಬಾರದು, ಬೆರಳು ಇಟ್ಟರೆ ತಕ್ಷಣ ತೆಗೆಯುವಷ್ಟು ಬಿಸಿ ಸಾಕು. ಕುದುರೆಯನ್ನು ಓರೆ ಹಿಡಿದು ಒಂದು ಕಾಲು ಮಾತ್ರ ಮುಳುಗಿಸಿದೆ. ಸ್ವಲ್ಪ ಹೊತ್ತಿಗೆ ಬೆರಳಿಗೆ ಗೊತ್ತಾಗುತ್ತದೆ, ಕಾಲು ಮೆತ್ತಗೆ ಒಪ್ಪಿಕೊಳ್ಳುತ್ತದೆ. ಮೆಲ್ಲಗೆ ಹೊರಕ್ಕೆ ತಿರುಗಿಸಿ, ಹಾಗೇ ಹಿಡಿದು, ಐಸ್ ಹಾಕಿದ ನೀರಿಗೆ ಅದ್ದಿದೆ. ಮೂರು ಸಲ ಮಾಡಿದ ಮೇಲೆ ಗ್ರಾನೈಟ್ ಕಟ್ಟೆ ಮೇಲೆ ನಾಲ್ಕೂ ಗೊರಸು ಕೂತವು. ಕಾಲಿನ ಕೆಳಗೆ ಕಾಗದ ತೂರಿಸಿ ನೋಡಿದೆ, ಹೋಗಲಿಲ್ಲ. ಖುಷಿಯಲ್ಲಿ ಟವೆಲ್‌ನಿಂದ ಒರೆಸಿದೆ. ಅಲ್ಲೇ ತಪ್ಪಾಯಿತು. ಬಣ್ಣವನ್ನು ಒತ್ತಿ ಉಜ್ಜಿದ್ದಕ್ಕೆ, ಗೊರಸಿನ ಮೇಲಿನ ಗಂಟಿನಲ್ಲಿ ಕಡಲೆಕಾಳಿನಷ್ಟು ಜಾಗ ಮಿರಮಿರ ಹೊಳೆಯತೊಡಗಿತು. ಉಳಿದ ಮೈಯೆಲ್ಲ ಮ್ಯಾಟ್. ನನಗೆ ಕಂಡಿತು. ಮಗಳಿಗೆ ಕಾಣಲಿಲ್ಲ ಅಂದುಕೊಂಡು ಸುಮ್ನೆ ಇದ್ದೆ.

ಸೆಪ್ಟೆಂಬರ್‌ನ ಶೋನಲ್ಲಿ ಥರೋಬ್ರೆಡ್ ಮೇಜಿನ ಮೇಲೆ ಇಪ್ಪತ್ತಕ್ಕೂ ಜಾಸ್ತಿ ಕುದುರೆ. ಜಡ್ಜ್ ಪ್ಯಾಡ್ ಹಿಡಿದು ಒಂದು ಸುತ್ತು ಬಂದರು. ಹುಣಸೆ ಎದುರು ನಿಂತರು. ಚೀಟಿ ಓದಲು ಪ್ರಯತ್ನಿಸಿ "ಹೂ-ನಾ-ಸೀ" ಅಂದರು. ಬಗ್ಗಿದರು. ಟಾರ್ಚ್ ಬೆಳಕು ಸರಿಯಾಗಿ ಆ ಕಾಲಿನ ಮೇಲೆ. ಮುಂದಕ್ಕೆ ಹೋದರು. ರಿಬ್ಬನ್ ಬರಲಿಲ್ಲ. ಮಗಳು ನನ್ನ ಕಡೆ ತಿರುಗಿ, "ಪರವಾಗಿಲ್ಲ ಅಪ್ಪ, ಅದು ನನಗೆ ಅವತ್ತೇ ಕಾಣಿಸಿತ್ತು" ಅಂದಳು.

ಅದೇ ಮಧ್ಯಾಹ್ನ ಅವಳ ಜೇಬಿನಲ್ಲಿದ್ದ ಪುಟ್ಟ ಕುದುರೆಗೆ ಎರಡನೇ ಸ್ಥಾನ, ಕೆಂಪು ರಿಬ್ಬನ್. ಅದು ಸ್ಟೇಬಲ್‌ಮೇಟ್, 1:32 ಅಳತೆ, ಬೆರಳುದ್ದ, ಏಳು ಡಾಲರ್. 1975ರಿಂದ ಈ ಸೈಜ್ ಬರುತ್ತಿದೆ. ಕಿವಿ ಚಿಕ್ಕದು, ಕುತ್ತಿಗೆ ಎತ್ತಿ ಬಾಗಿಸಿದೆ ಅಂತ ಮಗಳೇ ನೋಡಿ ಅದನ್ನು ಮಾರ್ಗನ್ ತಳಿ ಅಂತ ಇಳಿಸಿದ್ದಳು. ಎರಡನೇ ಸ್ಥಾನ ಬಂದದ್ದರಿಂದ ರಾಷ್ಟ್ರಮಟ್ಟದ ಶೋಗೆ ಹೋಗುವ ಅರ್ಹತೆ ಕಾರ್ಡೂ ಸಿಕ್ಕಿತು. ಏಳು ಡಾಲರ್ ಕುದುರೆಗೆ! ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದೇ. ಮೊದಲು ಐದಾರು ಸ್ಟೇಬಲ್‌ಮೇಟ್ ಕೊಡಿಸಿ. ಮಗು ಅವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಗಿಸಿ ನೋಡುತ್ತದೆಯಾ, ಗಮನಿಸಿ. ನೋಡಿದರೆ ದೊಡ್ಡದಕ್ಕೆ ಹೋಗಿ. ನೆಲದ ಮೇಲೆ ಓಡಿಸಿ ಆಡುವ ಚಿಕ್ಕ ಮಗು ಆದರೆ ಜರ್ಮನಿಯ ಶ್ಲೈಕ್ ಕುದುರೆ ಮೇಲು, ಅದು ಗಟ್ಟಿಪಿಂಡ. ಬಿದ್ದರೂ ಕಾಲು ಮುರಿಯುವ ಚಿಂತೆ ಕಮ್ಮಿ. ಟ್ರೆಡಿಶನಲ್ ಮೇಜಿನಿಂದ ಬಿದ್ದರೆ ಕಿವಿ, ಬಾಲದ ತುದಿ ಹೋಗಬಹುದು.

ಹುಣಸೆ ಈಗ ಸ್ಪರ್ಧೆಯಿಂದ ನಿವೃತ್ತಿ. ಹೋದ ನವರಾತ್ರಿಗೆ ಮೂರನೇ ಮೆಟ್ಟಿಲಲ್ಲಿ, ಚನ್ನಪಟ್ಟಣದ ಗೊಂಬೆಗಳ ಪಕ್ಕ ನಿಂತಿತ್ತು.

ಹೋದ ಶನಿವಾರ ಮತ್ತೆ ಆ ಮೇವಿನ ಅಂಗಡಿಗೆ ಹೋಗಿದ್ದೆವು. ಹುಟ್ಟುಹಬ್ಬದ ದುಡ್ಡು ಕೈಯಲ್ಲಿತ್ತು. ಒಂದೇ ಮಾದರಿಯ ನಾಲ್ಕು ಕುದುರೆ ಕೌಂಟರ್ ಮೇಲೆ ಸಾಲಾಗಿ ನಿಲ್ಲಿಸಿಕೊಂಡಳು. ಗಲ್ಲ ಕೌಂಟರ್‌ಗೆ ತಾಗುವ ಹಾಗೆ ಬಗ್ಗಿ ಒಂದೊಂದನ್ನೇ ನೋಡಿದಳು. ಎಡಗಣ್ಣು, ಬಲಗಣ್ಣು, ಹೊಟ್ಟೆ ಕೆಳಗೆ, ಗೊರಸು. ನಾನು ಎರಡನೆಯದು ಚೆನ್ನಾಗಿದೆ ಅಂದೆ. "ಅಪ್ಪ, ನೀನು ಸೀಮ್ ಮಾತ್ರ ನೋಡ್ತೀಯ. ಅದರ ಮುಖ ನೋಡು, ಸಿಟ್ಟು ಬಂದಂಗಿದೆ" ಅಂದಳು. ನೋಡಿದೆ. ಹೌದು, ಕಣ್ಣಿನ ಬಿಳಿ ಒಂದು ಚೂರು ಜಾಸ್ತಿ ಬಿದ್ದಿತ್ತು.

ನಾಲ್ಕನ್ನೂ ವಾಪಸ್ ಡಬ್ಬಕ್ಕೆ ಹಾಕಿದಳು. ಅರ್ಧ ಗಂಟೆ ಹಾಳಾಯಿತು ಅಂತ ಅಂಗಡಿಯವರು ಗೊಣಗಲಿಲ್ಲ. ಬಿಲ್ ಪುಸ್ತಕ ಮತ್ತೆ ಅದರ ಜಾಗಕ್ಕೆ ಎಳೆದುಕೊಂಡು, ಮುಂದಿನ ಶುಕ್ರವಾರ ಹೊಸ ಲೋಡ್ ಬರುತ್ತದೆ, ಡಬ್ಬ ಒಡೆಯುವ ಮುಂಚೆ ಫೋನ್ ಮಾಡುತ್ತೇನೆ ಅಂದರು. ಮಗಳು ನನ್ನ ನಂಬರ್ ಬರೆದುಕೊಟ್ಟಳು.